ಒಪ್ಪ ಮತ್ತು ಒಪ್ಪಿಗೆ: ಅಂತರ್ಜಾಲದ ಔಷಧ ಮಳಿಗೆಗಳಲ್ಲಿ ರೋಗಿಯ ಗೋಪ್ಯತೆ

ಅಂತರ್ಜಾಲದ ಮೂಲಕ ಔಷಧ ಮಾರುವ ಮಳಿಗೆಗಳು ನಮ್ಮ ನಗರಗಳಲ್ಲಿ ನೆಲೆಯೂರಿ ಒಂದು ದಶಕಕ್ಕೂ ಹೆಚ್ಚು ಕಾಲ ಸಂದಿದೆ. ಅವುಗಳ ಬೆಲೆ, ಪರವಾನಗಿ, ಔಷಧಗಳ ಗುಣಮಟ್ಟ ಇವುಗಳನ್ನು ಕುರಿತು ವಾದವಿವಾದಗಳು ಸಾಕಷ್ಟು ನಡೆದಿವೆ. ಆದರೆ ಕೊಳ್ಳುವವರು ಅಲ್ಲಿ ಹಣವನ್ನು ಮಾತ್ರ ಕೊಟ್ಟುಬರುವುದಿಲ್ಲ, ತಮ್ಮ ದೇಹದ ವೃತ್ತಾಂತವನ್ನೂ ಬಿಟ್ಟುಬರುತ್ತಾರೆ ಎಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆ ವೃತ್ತಾಂತ ಎಲ್ಲಿಗೆ ಹೋಗುತ್ತದೆ, ಯಾರ ಒಪ್ಪಿಗೆಯಿಂದ ಹೋಗುತ್ತದೆ, ಆ ಒಪ್ಪಿಗೆಯನ್ನು ಯಾವ ಭಾಷೆಯಲ್ಲಿ ಕೇಳಲಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕರ್ನಾಟಕದ ಹೊರಗೆ ಕೆಲಸ ಮಾಡುತ್ತಿರುವ ಸಂಶೋಧಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ. ಮೂರನೆಯ ಪ್ರಶ್ನೆಯು ಭಾಷಾಧ್ಯಯನಕ್ಕೆ ನೇರವಾಗಿ ಸಂಬಂಧಿಸಿದುದಾದ್ದರಿಂದ ಕನ್ನಡ ಪೀಠವೊಂದರ ಪತ್ರಿಕೆಯಲ್ಲಿ ಈ ವಿಷಯದ ಪ್ರಸ್ತಾಪ ಅನುಚಿತವಾಗಲಾರದೆಂದು ನಾವು ಭಾವಿಸುತ್ತೇವೆ.

1. ಠಾಕುರ್ಲಿ ಏಕೆ?

ಮಧ್ಯ ರೈಲ್ವೆಯ ಮಾರ್ಗದಲ್ಲಿ ಡೊಂಬಿವಲಿಗೂ ಕಲ್ಯಾಣಕ್ಕೂ ನಡುವೆ ಇರುವ ಠಾಕುರ್ಲಿಯು ಠಾಣೆ ಜಿಲ್ಲೆಯ ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಗೆ ಸೇರಿದ ಪ್ರದೇಶ. ಹೋಟೆಲು, ಬ್ಯಾಂಕು, ಕಚೇರಿ, ಕಾರ್ಖಾನೆಗಳ ಕೆಲಸವನ್ನು ಅರಸಿ ಮುಂಬಯಿಗೆ ಬಂದ ಕರಾವಳಿಯ ಮತ್ತು ಉತ್ತರ ಕರ್ನಾಟಕದ ಕುಟುಂಬಗಳು ಈ ಉಪನಗರಗಳಲ್ಲಿ ನೆಲೆಸಿ ಎರಡು ಮೂರು ತಲೆಮಾರುಗಳಾಗಿವೆ. ಡೊಂಬಿವಲಿ ಕರ್ನಾಟಕ ಸಂಘದ ಆಶ್ರಯದಲ್ಲಿರುವ ಮಂಜುನಾಥ ವಾಣಿಜ್ಯ ಕಾಲೇಜು ಠಾಕುರ್ಲಿಯ ಪರಿಸರದಲ್ಲಿಯೇ ಇದೆ.

ನಮ್ಮ ವಿಷಯಕ್ಕೆ ಈ ಊರನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು ಓದುವ ಭಾಷೆಯ ಪ್ರಶ್ನೆ. ಇಲ್ಲಿನ ಹಿರಿಯರಲ್ಲಿ ಅನೇಕರು ಊರಿನ ಶಾಲೆಯಲ್ಲೋ ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲೋ ಅಕ್ಷರ ಕಲಿತವರು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿದರೂ ಅವರು ಓದುವುದು ಕನ್ನಡವನ್ನು. ಮಕ್ಕಳು ಮರಾಠಿ ಮತ್ತು ಇಂಗ್ಲಿಷನ್ನು ಸರಾಗವಾಗಿ ಓದಬಲ್ಲರು. ಮೊಮ್ಮಕ್ಕಳಲ್ಲಿ ಕನ್ನಡವು ಹಲವೆಡೆ ಕೇಳುವ ಭಾಷೆಯಾಗಿ ಮಾತ್ರ ಉಳಿದಿದೆ. ಔಷಧಿ ಬೇಕಾಗುವುದು ಹೆಚ್ಚಾಗಿ ಮೊದಲನೆಯ ತಲೆಮಾರಿಗೆ. ಮೊಬೈಲಿನಲ್ಲಿ ಅದನ್ನು ತರಿಸುವವರು ಎರಡನೆಯ ಅಥವಾ ಮೂರನೆಯ ತಲೆಮಾರಿನವರು.

ಎರಡನೆಯ ಕಾರಣ ವ್ಯಾಪಾರಕ್ಕೆ ಸಂಬಂಧಿಸಿದುದು. ಇದೇ ಮಹಾನಗರ ವಲಯದ ನವಿ ಮುಂಬಯಿಯ ತುರ್ಭೆಯಲ್ಲಿ ಥೈರೋಕೇರ್ ಸಂಸ್ಥೆಯ ಪ್ರಯೋಗಾಲಯವಿದೆ. ಫಾರ್ಮ್ ಈಸಿ ಎಂಬ ಅಂತರ್ಜಾಲ ಮಳಿಗೆಯ ಒಡೆತನವುಳ್ಳ ಎಪಿಐ ಹೋಲ್ಡಿಂಗ್ಸ್ 2021ರ ಜೂನ್ ತಿಂಗಳಲ್ಲಿ ಈ ಥೈರೋಕೇರ್‌ನ ಶೇಕಡಾ 66.1ರಷ್ಟು ಷೇರುಗಳನ್ನು 4,546 ಕೋಟಿ ರೂಪಾಯಿಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಬೆಂಗಳೂರಿನ ಮೆಡ್‌ಲೈಫ್ ಅದೇ ವರ್ಷ ಅದೇ ಸಮೂಹಕ್ಕೆ ಸೇರಿತು. ಚೆನ್ನೈಯ ನೆಟ್‌ಮೆಡ್ಸ್ 2020ರಲ್ಲಿ ರಿಲಯನ್ಸ್ ಸಮೂಹದ ಪಾಲಾದರೆ, 1ಎಂಜಿ 2021ರಲ್ಲಿ ಟಾಟಾ ಸಮೂಹದ ಪಾಲಾಯಿತು. ಇವೆಲ್ಲ ಕಾನೂನುಬದ್ಧ ವ್ಯವಹಾರಗಳು. ಇಲ್ಲಿ ಯಾವ ಸಂಸ್ಥೆಯ ಮೇಲೂ ಆರೋಪ ಹೊರಿಸುವುದು ನಮ್ಮ ಉದ್ದೇಶವಲ್ಲ. ರಕ್ತಪರೀಕ್ಷೆ, ಔಷಧ ಮಾರಾಟ, ದಿನಸಿ, ಬಟ್ಟೆ ಮುಂತಾದ ಬೇರೆಬೇರೆ ವ್ಯಾಪಾರಗಳು ಒಂದೇ ಒಡೆತನದ ಕೆಳಗೆ ಬಂದಾಗ, ಹಿಂದೆ ಬೇರೆಬೇರೆ ಪುಸ್ತಕಗಳಲ್ಲಿದ್ದ ಒಬ್ಬನೇ ಮನುಷ್ಯನ ವಿವರಗಳು ಒಂದೆಡೆ ಕೂಡುವ ಸಾಧ್ಯತೆ ಉಂಟಾಗುತ್ತದೆ ಎಂಬುದಷ್ಟೇ ಗಮನಾರ್ಹ.

2. ಅಂಗಡಿಯ ಪುಸ್ತಕ

ರೋಗಿಯ ಗುಟ್ಟನ್ನು ಕಾಯಬೇಕೆಂಬ ಧರ್ಮ ನಮ್ಮಲ್ಲಿ ಹೊಸತಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಶಿಷ್ಯನಿಗೆ ವಿಧಿಸಲಾದ ನಿಯಮಗಳಲ್ಲಿ, ರೋಗಿಯ ಮನೆಯ ಸಮಾಚಾರವನ್ನು ಹೊರಗೆ ಆಡಬಾರದೆಂಬುದೂ ಒಂದು. ಆಧುನಿಕ ಕಾಲದಲ್ಲಿ ಔಷಧದಂಗಡಿಯವನಿಗೂ ಬರೆದಿಡುವ ಹೊಣೆಯನ್ನು ಕಾನೂನು ಹೊರಿಸಿತು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆಯ ಕೆಳಗೆ ಬಂದ 1945ರ ನಿಯಮಗಳು ಕೆಲವು ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸುತ್ತವೆ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ 'ಎಚ್1' ಅನುಸೂಚಿಯ ಔಷಧಗಳಿಗಾಗಿ ಪ್ರತ್ಯೇಕ ಪುಸ್ತಕವನ್ನೇ ಇಡಬೇಕು. ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಕೊಟ್ಟ ಪ್ರಮಾಣ ಇಷ್ಟನ್ನು ಬರೆದು ಮೂರು ವರ್ಷ ಕಾಪಾಡಬೇಕು. ತನಿಖಾಧಿಕಾರಿ ಕೇಳಿದರೆ ತೋರಿಸಬೇಕು. ಕ್ಷಯದ ಔಷಧಗಳು, ಕೆಲವು ಪ್ರಬಲ ಪ್ರತಿಜೀವಕಗಳು, ಚಟ ಹಿಡಿಸಬಲ್ಲ ಕೆಲವು ನಿದ್ರೆಮಾತ್ರೆಗಳು ಈ ಅನುಸೂಚಿಯಲ್ಲಿವೆ.

ಆದ್ದರಿಂದ ಮಾಹಿತಿಯನ್ನು ಬರೆದಿಡುವುದೇ ತಪ್ಪೆಂದಾಗಲಿ, ಯಾರಿಗೂ ಕೊಡಕೂಡದೆಂದಾಗಲಿ ನಮ್ಮ ವಾದವಲ್ಲ. ಕ್ಷಯರೋಗಿಗಳ ವಿವರವನ್ನು ಸರ್ಕಾರಕ್ಕೆ ತಿಳಿಸುವ ಹೊಣೆಯನ್ನು 2018ರ ಮಾರ್ಚ್ ತಿಂಗಳ ಅಧಿಸೂಚನೆಯು ಔಷಧ ಮಾರುವವರ ಮೇಲೂ ಹೊರಿಸಿತು. ರೋಗಿಯ ಚಿಕಿತ್ಸೆ ನಡುವೆ ನಿಲ್ಲಬಾರದು, ರೋಗ ಹರಡಬಾರದು ಎಂಬುದು ಅದರ ಹಿಂದಿನ ಉದ್ದೇಶ. ಅಂಗಡಿಯ ಪುಸ್ತಕದ ಲಕ್ಷಣವೇ ಇದು: ಅದಕ್ಕೆ ಒಂದು ಗೊತ್ತಾದ ಉದ್ದೇಶವಿದೆ, ಒಂದು ಅವಧಿಯಿದೆ, ಅದನ್ನು ಕೇಳಿ ನೋಡುವ ಅಧಿಕಾರಿ ಯಾರೆಂಬುದು ಗೊತ್ತಿದೆ. ಅದು ಒಂದು ಕಪಾಟಿನಲ್ಲಿರುತ್ತದೆ. ಪಕ್ಕದ ಬೀದಿಯ ಅಂಗಡಿಯ ಪುಸ್ತಕಕ್ಕೂ ಇದಕ್ಕೂ ಮಾತುಕತೆಯಿಲ್ಲ.

ಪರಿಚಿತ ಅಂಗಡಿಯಲ್ಲಿ ಗುಟ್ಟು ಎಂದೂ ಪೂರ್ಣವಾಗಿ ಉಳಿಯುತ್ತಿರಲಿಲ್ಲವೆಂಬುದು ಬೇರೆ ಮಾತು. ಸಂಘದ ಸಭೆ, ಯಕ್ಷಗಾನ, ಮದುವೆಗಳಲ್ಲಿ ಒಬ್ಬರನ್ನೊಬ್ಬರು ಕಾಣುವ ಸಣ್ಣ ಸಮುದಾಯದಲ್ಲಿ, ಮನೋರೋಗದ ಮಾತ್ರೆಯನ್ನೋ ಬಂಜೆತನದ ಔಷಧವನ್ನೋ ನಾಲ್ಕು ಸ್ಟೇಷನ್ ಆಚೆಗೆ ಹೋಗಿ ಕೊಳ್ಳುವ ರೂಢಿ ಬಲ್ಲವರಿಗೆ ಅಪರಿಚಿತವಲ್ಲ. ಮೊಬೈಲಿನಲ್ಲಿ ಔಷಧಿ ತರಿಸುವವರನ್ನು ಸೆಳೆಯುವ ಸಂಗತಿಗಳಲ್ಲಿ ರಿಯಾಯಿತಿಯ ಜೊತೆಗೆ ಈ ಮರೆಯೂ ಸೇರಿದೆ. ಆದರೆ ನೆರೆಯವರ ಕಣ್ಣಿನಿಂದ ಪಾರಾದ ಗುಟ್ಟು ಅಪರಿಚಿತರ ಲೆಕ್ಕದೊಳಗೆ ಸೇರುತ್ತದೆ. ನೆರೆಯವನು ಮರೆಯಬಹುದು, ಲೆಕ್ಕವು ಮರೆಯುವುದಿಲ್ಲ.

3. ಮಾಹಿತಿ ಹೊರಹೋಗುವ ದಾರಿಗಳು

ಇತರ ಸರಕುಗಳಿಗಿಲ್ಲದ ಒಂದು ಗುಣ ಔಷಧಕ್ಕಿದೆ. ಔಷಧದ ಹೆಸರು ಬಹುಮಟ್ಟಿಗೆ ರೋಗದ ಹೆಸರೂ ಹೌದು. ಮೆಟ್‌ಫಾರ್ಮಿನ್ ಎಂದರೆ ಸಾಮಾನ್ಯವಾಗಿ ಮಧುಮೇಹ. ಲೀಥಿಯಂ ಎಂದರೆ ಮನೋರೋಗ. ಐಸೊನಿಯಾಜಿಡ್ ಎಂದರೆ ಕ್ಷಯ. ವೈದ್ಯರ ಚೀಟಿಯನ್ನು ಕಾಣದವನೂ ಬಿಲ್ಲನ್ನು ಕಂಡು ರೋಗವನ್ನು ಊಹಿಸಬಲ್ಲ. ಆ ಊಹೆ ತಪ್ಪಾಗಲೂಬಹುದು. ಅಮಿಟ್ರಿಪ್ಟಿಲಿನ್ ಮಾತ್ರೆಯನ್ನು ಖಿನ್ನತೆಗೂ ಕೊಡುತ್ತಾರೆ, ಮರಳಿಮರಳಿ ಬರುವ ಅರೆತಲೆನೋವನ್ನು ತಡೆಯಲೂ ಕೊಡುತ್ತಾರೆ. ಲೆಕ್ಕದ ಯಂತ್ರವು ತಲೆನೋವಿನವನನ್ನು ಖಿನ್ನತೆಯವನೆಂದು ಬರೆದುಕೊಂಡರೆ ಅದನ್ನು ತಿದ್ದಲು ಅವನಿಗೆ ಅವಕಾಶವೇ ಇರುವುದಿಲ್ಲ. ಹಾಗೆ ಬರೆಯಲಾಗಿದೆಯೆಂಬುದು ಅವನಿಗೆ ಗೊತ್ತಾಗುವುದೂ ಇಲ್ಲ.

ಜಾಲತಾಣದಿಂದ ಈ ವಿವರ ಹೊರಹೋಗಬಲ್ಲ ಮುಖ್ಯ ದಾರಿಗಳು ಮೂರು. ಮೊದಲನೆಯದು ಮಾರಾಟಕ್ಕೆ ಅವಶ್ಯವಾದುದು: ಚೀಟಿಯನ್ನು ಪರಿಶೀಲಿಸುವ ಔಷಧಿಕಾರ, ಔಷಧವನ್ನು ಒದಗಿಸುವ ಪರವಾನಗಿದಾರ ಅಂಗಡಿ, ಮನೆಗೆ ತಲುಪಿಸುವವನು, ಹಣ ಪಡೆಯುವ ವ್ಯವಸ್ಥೆ ಇವರೆಲ್ಲರಿಗೂ ಒಂದಿಷ್ಟು ವಿವರ ಬೇಕೇ ಬೇಕು. ಎರಡನೆಯದು ಕಣ್ಣಿಗೆ ಕಾಣದುದು. ಜಾಲಪುಟದಲ್ಲಿ 'ಪಿಕ್ಸೆಲ್' ಎಂದು ಕರೆಯುವ ಪುಟ್ಟ ಸಂಕೇತವನ್ನು ಅಳವಡಿಸಿದ್ದರೆ, ಓದುಗನು ಪುಟವನ್ನು ತೆರೆದ ಕ್ಷಣದಲ್ಲಿಯೇ ಆ ಪುಟದ ವಿಳಾಸವೂ ಅವನ ಮೊಬೈಲನ್ನು ಗುರುತಿಸುವ ಸಂಖ್ಯೆಯೂ ಜಾಹೀರಾತು ಸಂಸ್ಥೆಯೊಂದಕ್ಕೆ ರವಾನೆಯಾಗುತ್ತವೆ. ಪುಟದ ವಿಳಾಸದಲ್ಲಿಯೇ ಔಷಧದ ಹೆಸರು ಇರುವುದುಂಟು. ಕೊಳ್ಳಬೇಕೆಂದೇನೂ ಇಲ್ಲ, ನೋಡಿದರೆ ಸಾಕು. ಮೂರನೆಯದು ಪಟ್ಟಿಗಳ ಕೊಡುಕೊಳೆ: ಗ್ರಾಹಕರ ಫೋನ್ ಸಂಖ್ಯೆ, ಮಿಂಚಂಚೆಗಳನ್ನು ಬೇರೊಂದು ಸಂಸ್ಥೆಯ ಪಟ್ಟಿಯೊಡನೆ ಹೊಂದಿಸಿ, ಇಂಥ ಔಷಧ ಕೊಂಡವರಿಗೆ ಇಂಥ ಜಾಹೀರಾತು ಎಂದು ವಿಂಗಡಿಸುವುದು.

ಇವು ಕೇವಲ ಊಹೆಗಳಲ್ಲ. ಬ್ರಿಟನ್ನಿನಲ್ಲಿ ಫಾರ್ಮಸಿ2ಯು ಎಂಬ ಮಳಿಗೆಯು ತನ್ನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಹಕರ ವಿವರಗಳನ್ನು ಒಪ್ಪಿಗೆಯಿಲ್ಲದೆ ಮಾರಿದ್ದಕ್ಕಾಗಿ 2015ರ ಅಕ್ಟೋಬರಿನಲ್ಲಿ 1,30,000 ಪೌಂಡು ದಂಡಕ್ಕೆ ಗುರಿಯಾಯಿತು. ಅಮೆರಿಕದಲ್ಲಿ ಔಷಧಗಳಿಗೆ ರಿಯಾಯಿತಿ ಕೊಡಿಸುವ ಗುಡ್‌ಆರ್‌ಎಕ್ಸ್ ಸಂಸ್ಥೆಯು ಬಳಕೆದಾರರ ಔಷಧ ಮತ್ತು ಆರೋಗ್ಯದ ವಿವರಗಳನ್ನು ಫೇಸ್‌ಬುಕ್, ಗೂಗಲ್ ಮೊದಲಾದವುಗಳಿಗೆ ಕೊಟ್ಟಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರವರಿಯಲ್ಲಿ ಆರೋಪಿಸಿತು. 15 ಲಕ್ಷ ಡಾಲರ್ ದಂಡದ ಒಪ್ಪಂದದೊಂದಿಗೆ ಪ್ರಕರಣ ಇತ್ಯರ್ಥವಾಯಿತು. 2024ರ ಆಗಸ್ಟಿನಲ್ಲಿ ಸ್ವೀಡನ್ನಿನ ಅಪೊಟೇಕೆಟ್ ಮತ್ತು ಅಪೊಹೆಮ್ ಎಂಬ ಮಳಿಗೆಗಳಿಗೆ ಮೆಟಾ ಸಂಸ್ಥೆಯ ಪಿಕ್ಸೆಲ್ ಬಳಕೆಯ ಕಾರಣದಿಂದ ಕ್ರಮವಾಗಿ 3.7 ಕೋಟಿ ಹಾಗೂ 80 ಲಕ್ಷ ಕ್ರೋನರ್ ದಂಡ ಬಿದ್ದಿತು. ಅದೇ ವರ್ಷದ ಅಕ್ಟೋಬರ್ 4ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು ಜರ್ಮನಿಯ ಲಿಂಡನ್ ಅಪೊಥೇಕೆ ಪ್ರಕರಣದಲ್ಲಿ, ವೈದ್ಯರ ಚೀಟಿ ಬೇಕಿಲ್ಲದ ಔಷಧವನ್ನು ಅಂತರ್ಜಾಲದಲ್ಲಿ ತರಿಸುವಾಗ ಕೊಟ್ಟ ವಿವರಗಳೂ ಆರೋಗ್ಯದ ಮಾಹಿತಿಯೇ ಎಂದು ತೀರ್ಪಿತ್ತಿತು. ಔಷಧದ ಹೆಸರೇ ರೋಗದ ಸೂಚನೆ ಎಂಬ ಮೇಲಿನ ಮಾತಿಗೆ ನ್ಯಾಯಾಲಯದ ಮುದ್ರೆ ಬಿದ್ದಂತಾಯಿತು.

4. ನಮ್ಮ ಕಾನೂನಿನ ಸ್ಥಿತಿ

ಭಾರತದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಏಕಮತದಿಂದ ಸಾರಿತು. ಆ ಪ್ರಕರಣಕ್ಕೆ ತಮ್ಮ ಹೆಸರನ್ನು ಕೊಟ್ಟ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಕನ್ನಡ ಓದುಗರು ನೆನೆಯಬೇಕು.

ಔಷಧ ಮಳಿಗೆಗಳಿಗೆಂದೇ ಪ್ರತ್ಯೇಕ ನಿಯಮಗಳ ಕರಡನ್ನು ಕೇಂದ್ರ ಆರೋಗ್ಯ ಸಚಿವಾಲಯವು 2018ರ ಆಗಸ್ಟ್ 28ರಂದು ಪ್ರಕಟಿಸಿತು. ರೋಗಿಯ ವಿವರವನ್ನು ಗೋಪ್ಯವಾಗಿಡಬೇಕು, ಕೇಂದ್ರ ಅಥವಾ ರಾಜ್ಯ ಸರ್ಕಾರದ ಹೊರತು ಬೇರಾರಿಗೂ ತಿಳಿಸಕೂಡದು, ಮಾಹಿತಿಯನ್ನು ದೇಶದೊಳಗೆಯೇ ಇಡಬೇಕು ಎಂಬ ಸ್ಪಷ್ಟ ವಿಧಿಗಳು ಅದರಲ್ಲಿದ್ದವು. ಆದರೆ ಆ ಕರಡು ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. ಪರವಾನಗಿಯಿಲ್ಲದ ಅಂತರ್ಜಾಲ ಮಾರಾಟವನ್ನು ದೆಹಲಿ ಉಚ್ಚ ನ್ಯಾಯಾಲಯವು 2018ರ ಡಿಸೆಂಬರಿನಲ್ಲಿ ತಡೆಯಿತು. 2023ರ ಫೆಬ್ರವರಿಯಲ್ಲಿ ಔಷಧ ನಿಯಂತ್ರಣಾಧಿಕಾರಿಗಳು ಹಲವು ಮಳಿಗೆಗಳಿಗೆ ಕಾರಣ ಕೇಳಿ ನೋಟೀಸು ಕೊಟ್ಟರು. ಈ ನಡುವೆ ಮಾರಾಟ ನಿಲ್ಲಲಿಲ್ಲ.

ಮಾಹಿತಿ ತಂತ್ರಜ್ಞಾನ ಕಾಯಿದೆಯ ಕೆಳಗಿನ 2011ರ ನಿಯಮಗಳು ದೈಹಿಕ ಮತ್ತು ಮಾನಸಿಕ ಆರೋಗ್ಯಸ್ಥಿತಿಯನ್ನೂ ವೈದ್ಯಕೀಯ ದಾಖಲೆಗಳನ್ನೂ 'ಸೂಕ್ಷ್ಮ' ಮಾಹಿತಿಯೆಂದು ಪ್ರತ್ಯೇಕವಾಗಿ ಹೆಸರಿಸಿದ್ದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಈ ಭೇದವನ್ನು ಕೈಬಿಟ್ಟಿದೆ; ಅದರ ದೃಷ್ಟಿಯಲ್ಲಿ ಚಪ್ಪಲಿಯ ಅಳತೆಯೂ ಎಚ್‌ಐವಿ ಔಷಧದ ಹೆಸರೂ ಒಂದೇ ಬಗೆಯ ದತ್ತಾಂಶ. ಎಚ್‌ಐವಿ ಸೋಂಕಿತರಿಗೂ ಮಾನಸಿಕ ಅಸ್ವಸ್ಥರಿಗೂ ಗೋಪ್ಯತೆಯ ಭರವಸೆಯಿತ್ತ 2017ರ ಎರಡು ಕಾಯಿದೆಗಳು ಬೇರೆಯಾಗಿ ಇವೆ. ಆದರೆ ಉಳಿದ ರೋಗಿಗಳ ಪಾಲಿಗೆ ಹೆಚ್ಚಿನ ಭಾರವೆಲ್ಲ ಒಂದೇ ಕಂಬದ ಮೇಲೆ ಬೀಳುತ್ತದೆ. ಆ ಕಂಬವೇ ಒಪ್ಪಿಗೆ.

2023ರ ಕಾಯಿದೆಯ ಪ್ರಕಾರ ಒಪ್ಪಿಗೆಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಷರತ್ತಿಲ್ಲದ್ದೂ ಆಗಿರಬೇಕು; ಹೇಳಿದ ಉದ್ದೇಶಕ್ಕೆ ಅವಶ್ಯವಾದಷ್ಟಕ್ಕೆ ಸೀಮಿತವಾಗಿರಬೇಕು; ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಕಾಯಿದೆಯು ಕೊಡುವ ಎರಡು ದೃಷ್ಟಾಂತಗಳು ವೈದ್ಯಕೀಯ ಕ್ಷೇತ್ರದವೇ ಆಗಿವೆ. ದೂರವೈದ್ಯದ ಆ್ಯಪ್ ಒಂದು ಚಿಕಿತ್ಸೆಯ ಜೊತೆಗೆ ಫೋನಿನಲ್ಲಿರುವ ಪರಿಚಿತರ ಪಟ್ಟಿಯನ್ನೂ ಕೇಳಿ ಒಪ್ಪಿಗೆ ಪಡೆದರೂ, ಪಟ್ಟಿಯು ಚಿಕಿತ್ಸೆಗೆ ಅವಶ್ಯವಲ್ಲವಾದ್ದರಿಂದ ಒಪ್ಪಿಗೆ ಚಿಕಿತ್ಸೆಗಷ್ಟೇ ಸಲ್ಲುತ್ತದೆ. ರಶೀದಿ ಕಳಿಸೆಂದು ಔಷಧದಂಗಡಿಗೆ ತಾನಾಗಿ ವಿವರ ಕೊಟ್ಟರೆ, ಅಂಗಡಿಯು ರಶೀದಿ ಕಳಿಸಲು ಅದನ್ನು ಬಳಸಬಹುದು. ಈ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ವಿಧಿಗಳಿಗೆ ಅಲ್ಲಿಂದ 18 ತಿಂಗಳ, ಎಂದರೆ 2027ರ ಮೇ ತಿಂಗಳವರೆಗಿನ ಅವಧಿಯನ್ನು ಅಧಿಸೂಚನೆ ಕೊಟ್ಟಿತು.

5. ಒಪ್ಪಿಗೆಯ ಭಾಷೆ

ಈ ಕಾಯಿದೆಯಲ್ಲಿ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ವಿಧಿಯೊಂದಿದೆ. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಬಳಕೆದಾರನಿಗೆ ಕೊಡಬೇಕು. ಈ ಹಕ್ಕು ರಾಜ್ಯದ ಗಡಿಗೆ ಕಟ್ಟುಬಿದ್ದುದಲ್ಲ. ಬೆಂಗಳೂರಿನವನಿಗೆ ಇರುವಷ್ಟೇ ಹಕ್ಕು ಠಾಕುರ್ಲಿಯ ಕನ್ನಡಿಗನಿಗೂ ಇದೆ. ಹೊರನಾಡ ಕನ್ನಡಿಗರಿಗೆ ಕಚೇರಿಗಳಲ್ಲಿ, ಶಾಲೆಗಳಲ್ಲಿ ದೊರೆಯದ ಸ್ಥಾನವೊಂದು ಇಲ್ಲಿ ದೊರೆತಿದೆ. ತುಳು ಎಂಟನೆಯ ಅನುಸೂಚಿಯಲ್ಲಿ ಇಲ್ಲದಿರುವುದರಿಂದ ತುಳುವರ ಪಾಲಿಗೂ ಓದಿನ ಕನ್ನಡವೇ ಈ ಹಕ್ಕಿನ ಬಾಗಿಲಾಗಿದೆ.

ಆದರೆ ಕನ್ನಡ ಲಿಪಿಯಲ್ಲಿ ಇದ್ದ ಮಾತ್ರಕ್ಕೆ ಪತ್ರವು ಕನ್ನಡವಾಗುವುದಿಲ್ಲ. ಮೂರು ಶಬ್ದಗಳನ್ನು ನೋಡೋಣ. 'ಗೋಪ್ಯತೆ'ಯು ಸಂಸ್ಕೃತದ 'ಗುಪ್' ಧಾತುವಿನಿಂದ ಬಂದುದು. ಆ ಧಾತುವಿಗೆ ಕಾಪಾಡು ಎಂಬುದು ಮೂಲಾರ್ಥ. ಮರೆಮಾಡು ಎಂಬುದು ಆಮೇಲಿನದು. 'ಖಾಸಗಿ'ಯು ಅರಬ್ಬೀ-ಪಾರಸಿ ಮೂಲದಿಂದ ಮರಾಠಿ ಆಡಳಿತದ ಪರಿಭಾಷೆಯಲ್ಲಿ ನೆಲೆಗೊಂಡ ಶಬ್ದ. ರಾಜ್ಯದ ಬೊಕ್ಕಸಕ್ಕೆ ಸೇರದ, ಒಡೆಯನ ಸ್ವಂತದ ಆಸ್ತಿ ಎಂಬುದು ಅದರ ಹಳೆಯ ಅರ್ಥಗಳಲ್ಲೊಂದು. ಕಾಪಾಡುವುದು, ಸ್ವಂತದ್ದು ಎಂಬ ಎರಡು ಭಾವಗಳೂ ನಮ್ಮ ನುಡಿಯಲ್ಲಿ ಸಿದ್ಧವಾಗಿವೆ. ಮಳಿಗೆಗಳ 'ಗೋಪ್ಯತಾ ನೀತಿ' ಎಂಬ ಪತ್ರಗಳಾದರೋ ಏನನ್ನು ಕಾಪಾಡುತ್ತೇವೆ ಎನ್ನುವುದಕ್ಕಿಂತ ಯಾರು ಯಾರಿಗೆ ಕೊಡಬಹುದು ಎನ್ನುವುದನ್ನು ವಿಸ್ತಾರವಾಗಿ ಹೇಳುವುದು ವಾಡಿಕೆ.

ಮೂರನೆಯದು 'ಹಂಚಿಕೊಳ್ಳು'. ಕನ್ನಡದಲ್ಲಿ ಇದು ಆತ್ಮೀಯತೆಯ ಮಾತು. ಬುತ್ತಿಯನ್ನು ಹಂಚಿಕೊಳ್ಳುತ್ತೇವೆ, ದುಃಖವನ್ನು ಹಂಚಿಕೊಳ್ಳುತ್ತೇವೆ. ಹಂಚಿಕೊಳ್ಳುವವನು ತನ್ನ ಪಾಲಿನದರಲ್ಲಿ ಒಂದಿಷ್ಟನ್ನು ಬಿಟ್ಟುಕೊಡುತ್ತಾನೆ. 'ನಿಮ್ಮ ಮಾಹಿತಿಯನ್ನು ನಮ್ಮ ಪಾಲುದಾರರೊಡನೆ ಹಂಚಿಕೊಳ್ಳಬಹುದು' ಎಂಬಂಥ ವಾಕ್ಯದಲ್ಲಿ ಹಂಚುವವನು ಬಿಟ್ಟುಕೊಡುವುದು ತನ್ನದನ್ನಲ್ಲ, ಇನ್ನೊಬ್ಬನದನ್ನು. ಅಲ್ಲಿ ಸಲ್ಲುವ ಕ್ರಿಯಾಪದ 'ಕೊಡುತ್ತೇವೆ', ಪ್ರತಿಫಲವಿದ್ದರೆ 'ಮಾರುತ್ತೇವೆ'. ಶಬ್ದದ ಈ ಮೃದುತ್ವವು ಓದುಗನ ಎಚ್ಚರವನ್ನು ತಗ್ಗಿಸುತ್ತದೆ.

'ಒಪ್ಪಿಗೆ'ಯೊಡನೆ ಹತ್ತಿರದ ನಂಟುಳ್ಳ 'ಒಪ್ಪ' ಎಂಬ ಹಳೆಯ ಶಬ್ದವನ್ನು ಶಾಸನಾಭ್ಯಾಸಿಗಳು ಬಲ್ಲರು. ಶಾಸನಗಳಲ್ಲಿ ಒಪ್ಪವೆಂದರೆ ರುಜು. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳಲ್ಲಿ ಪಾಠವು ಸಂಸ್ಕೃತದಲ್ಲಿ, ನಾಗರಿಯ ಬಗೆಯ ಲಿಪಿಯಲ್ಲಿದ್ದರೂ ಕೊನೆಯ 'ಶ್ರೀ ವಿರೂಪಾಕ್ಷ' ಎಂಬ ಒಪ್ಪ ಮಾತ್ರ ಕನ್ನಡ ಲಿಪಿಯಲ್ಲಿದೆ. ಕೊಟ್ಟದ್ದೇನು, ಯಾರಿಗೆ, ಎಷ್ಟು, ಎಲ್ಲೆ ಯಾವುದು ಎಂಬುದನ್ನೆಲ್ಲ ಬರೆದಾದ ಮೇಲೆ ಬೀಳುವುದು ಒಪ್ಪ. ಜಾಲಮಳಿಗೆಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲ ಪರದೆಯಲ್ಲಿಯೇ ಒಪ್ಪ ಬೀಳುತ್ತದೆ. ಎಲ್ಲೆಗಳ ವಿವರ ಒತ್ತಿದರೆ ತೆರೆಯುವ ಬೇರೊಂದು ಪುಟದಲ್ಲಿರುತ್ತದೆ. ಅಜ್ಜಿಯ ಔಷಧಕ್ಕೆ ಮೊಮ್ಮಗನು ತನ್ನ ಫೋನಿನಿಂದ ಒಪ್ಪ ಹಾಕುವ ಮನೆಯಲ್ಲಿ ಇನ್ನೊಂದು ತೊಡಕಿದೆ. ದೇಹ ಅಜ್ಜಿಯದು, ಬೆರಳು ಮೊಮ್ಮಗನದು, ಪತ್ರದ ಭಾಷೆ ಅಜ್ಜಿ ಓದಲಾರದ್ದು. ಅವಳು ತಿಳಿದು ಕೊಟ್ಟ ಒಪ್ಪಿಗೆ ಅಲ್ಲಿ ಯಾವುದೆಂದು ತೋರಿಸುವುದು ಕಷ್ಟ.

6. ಆಗಬೇಕಾದ ಕೆಲಸ

ಸರಳವಾದ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಬರೆಯುವುದು ಅಸಾಧ್ಯವೇನಲ್ಲ. ಒಂದು ಮಾದರಿಯನ್ನು ಇಲ್ಲಿ ಸೂಚಿಸುತ್ತೇವೆ:

"ನಿಮ್ಮ ಡಾಕ್ಟರ ಚೀಟಿಯನ್ನು ನಮ್ಮ ಔಷಧಿಕಾರರು ನೋಡುತ್ತಾರೆ. ಕಾನೂನು ಕೇಳುವ ಪುಸ್ತಕದಲ್ಲಿ ರೋಗಿಯ ಹೆಸರನ್ನು ಬರೆದಿಡುತ್ತೇವೆ. ಔಷಧಿ ತಂದುಕೊಡುವವರಿಗೆ ನಿಮ್ಮ ಹೆಸರು, ವಿಳಾಸ, ಫೋನ್ ನಂಬರು ಕೊಡುತ್ತೇವೆ. ಔಷಧಿಯ ಹೆಸರನ್ನು ಹೇಳುವುದಿಲ್ಲ. ನೀವು ಯಾವ ಔಷಧಿ ನೋಡಿದಿರಿ, ಕೊಂಡಿರಿ ಎಂಬುದನ್ನು ಜಾಹೀರಾತು ಕಂಪನಿಗೆ ಕೊಡಬಹುದೇ? ಬೇಡವೆಂದರೂ ಔಷಧಿ ಸಿಗುತ್ತದೆ. ಇಂದು ಒಪ್ಪಿ ನಾಳೆ ಬೇಡವೆನ್ನಬಹುದು. ಈ ಔಷಧಿ ಬೇರೆಯವರಿಗಾಗಿದ್ದರೆ ಇದನ್ನು ಅವರಿಗೆ ಓದಿಹೇಳಿ, ಅವರ ಉತ್ತರವನ್ನೇ ಇಲ್ಲಿ ಒತ್ತಿರಿ."

ಇದರಲ್ಲಿ ಊಟದ ಮೇಜಿನ ಬಳಿ ಓದಿಹೇಳಲಾಗದ ಶಬ್ದ ಒಂದೂ ಇಲ್ಲ. ಮಳಿಗೆಯು ನಿಜವಾಗಿ ಹೀಗೆ ನಡೆದುಕೊಳ್ಳುತ್ತದೆಯೆ ಎಂಬುದನ್ನು ಕಾನೂನು ನೋಡಿಕೊಳ್ಳಬೇಕು; ಆದರೆ ಹೀಗೆ ಬರೆದ ಪತ್ರದ ವಿರುದ್ಧ ನಡೆದುಕೊಂಡರೆ ಸುಳ್ಳು ಎದ್ದು ಕಾಣುತ್ತದೆ. ಅಸ್ಪಷ್ಟವಾಗಿ ಬರೆದ ಪತ್ರದಲ್ಲಿ ಸುಳ್ಳಿಗೂ ನಿಜಕ್ಕೂ ಭೇದವೇ ಕಾಣಿಸದು.

2027ರ ಮೇ ತಿಂಗಳಿಗಾಗಿ ಕನ್ನಡ ಪತ್ರಗಳು ರಾಶಿರಾಶಿಯಾಗಿ ಸಿದ್ಧವಾಗಬೇಕಾಗಿವೆ. ಅವನ್ನು ಯಂತ್ರಾನುವಾದಕ್ಕೆ ಬಿಟ್ಟರೆ ಓದಲಾಗದ ಕನ್ನಡದಲ್ಲಿ ಒಪ್ಪ ಹಾಕಿಸಿಕೊಳ್ಳುವ ಪದ್ಧತಿ ಸ್ಥಿರವಾಗುತ್ತದೆ. ಹಕ್ಕು ಕಾಗದದಲ್ಲಿದ್ದೂ ಇಲ್ಲದಂತಾಗುತ್ತದೆ. ಹೊರನಾಡಿನ ಕನ್ನಡ ಪೀಠಗಳೂ ಸಂಘಗಳೂ ಮಾಡಬಹುದಾದ ಕೆಲಸಗಳು ಇವು: ತಮ್ಮ ಊರಿನ ಕನ್ನಡಿಗರು ಬಳಸುವ ಮಳಿಗೆಗಳ ಕನ್ನಡ ಪತ್ರಗಳನ್ನು ಸಂಗ್ರಹಿಸುವುದು, ಹಿರಿಯ ಓದುಗರ ಮುಂದೆ ಅವನ್ನಿಟ್ಟು ಏನು ಅರ್ಥವಾಯಿತೆಂದು ಅವರ ಮಾತಿನಲ್ಲಿಯೇ ಬರೆದುಕೊಳ್ಳುವುದು, ಕರಾವಳಿ, ಉತ್ತರ ಕರ್ನಾಟಕ, ಗಡಿನಾಡುಗಳ ಓದುಗರಿಗೆ ಸಮನಾಗಿ ತಿಳಿಯುವ ಶಬ್ದಗಳನ್ನು ಆರಿಸಿ ಸಂಬಂಧಪಟ್ಟ ಇಲಾಖೆಗೆ ಒಪ್ಪಿಸುವುದು. ಇಂಥ ಕ್ಷೇತ್ರಕಾರ್ಯದಲ್ಲಿ ಯಾರ ರೋಗವನ್ನೂ ಕೇಳಬೇಕಾಗಿಲ್ಲ, ಕೇಳಲೂ ಬಾರದು. ಪತ್ರದ ಅರ್ಥವನ್ನು ಕೇಳಿದರೆ ಸಾಕು. ಠಾಕುರ್ಲಿಯಂಥ ಊರಿನಲ್ಲಿ ಈ ಅಧ್ಯಯನವನ್ನು ಕೈಗೊಳ್ಳಲು ಮುಂದೆ ಬರುವ ಸಂಶೋಧಕರ ಪತ್ರಗಳನ್ನು ಪೀಠವು ಸ್ವಾಗತಿಸುತ್ತದೆ.